ಹದಿನಾಲ್ಕಕ್ಕೆ ಒಂಬತ್ತು

ಕೆಲವರಿಗೆ ಹೋದಲ್ಲೆಲ್ಲ ನಾಯಿಗಳು ಬೆನ್ನು ಹತ್ತುತ್ತವೆ, ನನಗೆ ಹೋದಲ್ಲೆಲ್ಲ ಫಜೀತಿ. ಎಂಬತ್ತರ ದಶಕದಲ್ಲಿ ಚಿಕ್ಕೋಡಿಯ ಒಂದು ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ನಾನಿದ್ದೆ. ಮಣ್ಣನ್ನು ಯಂತ್ರ ಪರೀಕ್ಷಿಸುತ್ತಿತ್ತು. ಅದು ಹೇಳಿದ್ದನ್ನು ರೈತರಿಗೆ ತಿಳಿಸಿ ಹೇಳುವುದಷ್ಟೇ ನನ್ನ ಕೆಲಸ. ಧಾರವಾಡದಲ್ಲಿ ಓದಿ ಬಂದವನು, ನಾನು ಬಿಡಿಸಿ ಹೇಳಿದರೆ ಕಲ್ಲಿಗೂ ತಿಳಿಯುತ್ತದೆ ಎಂಬ ಜಂಬ ಬೇರೆ. ಕಲ್ಲುಗಳ ವಿಷಯ ಗೊತ್ತಿಲ್ಲ, ಮನುಷ್ಯರಿಗಂತೂ ತಿಳಿಯಲಿಲ್ಲ. ಅದರಿಂದ ಒಬ್ಬರ ಹೊಲ ಕೆಟ್ಟಿತು, ನನ್ನ ಮದುವೆಯೂ ಕೆಡುವ ತನಕ ಬಂತು.

ತುಳಸಿಕಟ್ಟೆ

ಕರೋಶಿಯ ಒಬ್ಬ ರೈತನಿಗೆ ಪರೀಕ್ಷೆಗೆ ಮಣ್ಣು ತರುವ ರೀತಿ ಹೇಳಿಕೊಟ್ಟೆ. "ಹೊಲದಾಗ ಎಂಟ್ಹತ್ತು ಕಡೆ ಗೇಣುದ್ದ ತಗ್ಗು ತಗೀರಿ, ಎಲ್ಲಾ ಮಣ್ಣು ಕೂಡಿಸಿ ಅರ್ಧ ಕಿಲೋ ತರ್ರಿ." ಎರಡು ಸಲ ಹೇಳಿದೆ. ಅವನೂ ಎರಡು ಸಲ "ಹೌದ್ರಿ" ಅಂದ.

ಮೂರನೆಯ ದಿನ ಹೊಸ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ತಂದ. ಜರಡಿ ಹಿಡಿದಂಥ, ಎಣ್ಣೆ ಸವರಿದಂಥ ಕರಿ ಮಣ್ಣು. ಇಂಥದನ್ನು ನಾನು ಪುಸ್ತಕದಲ್ಲಿ ಮಾತ್ರ ಓದಿದ್ದೆ. ಯಂತ್ರವೂ ಹೊಗಳಿತು. 'ಈ ಜಮೀನು ಕಬ್ಬಿಗೆ ಅತ್ಯುತ್ತಮ' ಎಂದು ಕಾಗದ ಬರೆದುಕೊಟ್ಟೆ.

ಮುಂದಿನ ವಾರ ಆ ಕಾಗದ ಹಿಡಿದು ಅವನ ಹೆಂಡತಿ ಬಂದಳು.

"ಇದನ್ನ ಬರದಾವರು ನೀವ ಏನ್ರಿ?"

"ಹೌದವಾ."

"ಸಾಹೇಬ್ರ ಮುಂದ ಹೊಲದಾನ ಹೆಂಟಿ ಒಯ್ದರ ಮರ್ಯಾದಿ ಹೋಗತೈತಿ ಅಂತ ನಮ್ಮ ಮನಿಯಾರು ನನ್ನ ತುಳಸಿಕಟ್ಟಿ ಅರ್ಧಾ ಬಗದು ತಂದಾರ. ಈಗ ನೀವ ಹೇಳ್ರಿ, ಕಟ್ಟಿಮ್ಯಾಗ ತುಳಸಿ ಇರಲ್ಯೋ, ಕಬ್ಬು ಹಚ್ಚಲ್ಯೋ?"

ಪೇಢೆ

ನಮ್ಮ ಕಾಗದದಲ್ಲಿ ಮುಖ್ಯವಾದದ್ದು ಪಿ.ಎಚ್. ಎಂಬ ಸಂಖ್ಯೆ. ಮಣ್ಣು ಹುಳಿಯೋ ಸವಳೋ, ಅಂದರೆ ಕ್ಷಾರವೋ, ಎನ್ನುವುದರ ಅಳತೆ ಅದು. ಹದಿನಾಲ್ಕರ ತನಕ ಹೋಗುತ್ತದೆ. ಏಳರ ಆಸುಪಾಸು ಇದ್ದರೆ ಬೆಳೆಗೆ ಹಿತ. ಬಹಳ ಇಳಿದರೆ ಹುಳಿ, ಏರಿದರೆ ಸವಳು, ಎರಡೂ ಕೆಡುಕು. ಈಗ ಬರೆಯುವಾಗ ಎಷ್ಟು ಸಲೀಸಾಗಿ ಬಂತು ನೋಡಿ. ಬೇಕಾದಾಗ ಬರಲಿಲ್ಲ.

ಶೇಡಬಾಳದಿಂದ ಕಬ್ಬು ಬೆಳೆಯುವ ಯಜಮಾನರೊಬ್ಬರು ಬಂದಿದ್ದರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ.

"ಕಾಕಾ, ನಿಮ್ಮ ಹೊಲಕ್ಕ ಒಂಬತ್ತು ಬಂದೈತ್ರಿ."

"ಎಷ್ಟಕ್ಕ?"

"ಹದಿನಾಲ್ಕಕ್ಕ."

ಅವರು ಸಟ್ಟನೆ ಎದ್ದು ಹೋದರು. ಬರುವಾಗ ಕೈಯಲ್ಲಿ ಪೇಢೆಯ ಪೊಟ್ಟಣ. ಮನೆಯಲ್ಲಿ ಏನೋ ಶುಭಕಾರ್ಯವಿರಬೇಕೆಂದು ನಾನು ಎರಡು ತಿಂದೆ. ಮೂರನೆಯದಕ್ಕೆ ಕೈ ಹಾಕಿದಾಗ ಅವರು ಬಾಯಿ ಬಿಟ್ಟರು.

"ನಮ್ಮ ಭಾವನ ಹೊಲಾ ಭಾಳ ಚಲೋ ಅಂತ ಊರೆಲ್ಲಾ ಹೊಗಳತೈತ್ರಿ. ಅದು ತಗೊಂಡದ್ದು ಬರೇ ಏಳು!"

"ಕಾಕಾ, ಏಳು ಬಂದದ್ದ ಚಲೋ. ಒಂಬತ್ತು ಅಂದರ ಸವಳು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಾಹೇಬ್ರ, ಒಂಬತ್ತಕ್ಕಿಂತ ಏಳು ಮ್ಯಾಲ ಅಂತ ಯಾವ ಸಾಲ್ಯಾಗ ಕಲ್ತೀರಿ?"

ನಾನು ನಾಚಿ ಪೇಢೆಯನ್ನು ಪೊಟ್ಟಣದಲ್ಲೇ ಇಟ್ಟೆ.

"ತಿನ್ರಿ, ತಿನ್ರಿ," ಅಂದರು ಕಾಕಾ. "ಅದೊಂದಾರ ಸರಿಯಾಗಿ ಮಾಡಾಕತ್ತಿದ್ರಿ."

ಜ್ವರ

ಎರಡು ತಿಂಗಳಿಗೆ ಕಾಕಾ ಮತ್ತೆ ಬಂದರು. ಕಬ್ಬು ಹಳದಿ ತಿರುಗಿತ್ತು, ಅವರ ಮುಖವೂ ಸಣ್ಣದಾಗಿತ್ತು. ನೋಡಿ ನನಗೆ ಸಂಕಟವಾಯಿತು. ಅಷ್ಟರಲ್ಲಿ ನಾನು ರಾತ್ರಿ ಹಗಲು ಯೋಚಿಸಿ ಒಂದು ಹೋಲಿಕೆ ಹುಡುಕಿ ಇಟ್ಟುಕೊಂಡಿದ್ದೆ.

"ಕಾಕಾ, ಪಿ.ಎಚ್. ಅಂದರ ಮೈಯಾನ ಕಾವು ಇದ್ದಂಗ. ಏರಿತಂದರ ಜ್ವರ. ನಿಮ್ಮ ಹೊಲಕ್ಕ ಜ್ವರ ಬಂದೈತಿ."

"ಹಂಗಂತ ಮೊದಲ ಹೇಳಬಾರದೇನ್ರಿ!" ಎಂದು ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರು ಹೋದ ಮೇಲೆ ಇಡೀ ಕಚೇರಿಗೆ ನಾನೇ ಚಹಾ ಕುಡಿಸಿದೆ.

ಹದಿನೈದು ದಿನಕ್ಕೆ ಕಾಕಾ ಮತ್ತೆ ಹಾಜರು. "ಜ್ವರ ಬಂದಾವರ ಹಣಿಮ್ಯಾಲ ತಣ್ಣೀರ ಪಟ್ಟಿ ಹಾಕತೀವಲ್ರಿ, ಹಂಗ ದಿನಾ ಹೊಲದ ತುಂಬ ನೀರು ನಿಲ್ಲಿಸೇನಿ. ಜ್ವರಾ ಇನ್ನೂ ಇಳಿವಲ್ದು."

ಸವಳು ಹೊಲಕ್ಕೆ ನಿಂತ ನೀರೇ ಶತ್ರು. ಮೊದಲು ಗಟಾರ ಹೊಡೆದು ನೀರು ಬಸಿದು ಹೋಗುವಂತೆ ಮಾಡಬೇಕು. ಈ ಮಾತನ್ನು ನಾನು ಎರಡನೆಯ ಪಾಠಕ್ಕೆಂದು ಇಟ್ಟುಕೊಂಡಿದ್ದೆ.

ಹುಡುಗನ ನಂಬರು

ಅದೇ ವರ್ಷ ನನಗೆ ಹೆಣ್ಣು ನೋಡಲು ಸೋದರಮಾವ ಶೇಡಬಾಳಕ್ಕೆ ಕರೆದುಕೊಂಡು ಹೋದ. ಅವ್ವ ಆ ಹುಡುಗಿಯನ್ನು ಯಾರದೋ ಲಗ್ನದಲ್ಲಿ ನೋಡಿ ಮೆಚ್ಚಿದ್ದಳು. ನನಗೂ ಫೋಟೋ ನೋಡಿದಂದಿನಿಂದ ಊಟ ಸೇರುತ್ತಿರಲಿಲ್ಲ. ಶೇಡಬಾಳ ಸಣ್ಣ ಊರೇನಲ್ಲ, ಕಾಕಾ ಎದುರಾದಾರೆಂದು ಹೆದರುವ ಕಾರಣವಿಲ್ಲ ಎಂದುಕೊಂಡೇ ಹೋದೆ.

ಕಾಲಿಗೆ ನೀರು ಕೊಡಲು ಚರಿಗೆ ಹಿಡಿದು ಬಾಗಿಲಿಗೆ ಬಂದ ಹುಡುಗಿಯ ತಂದೆ ಅದೇ ಕಾಕಾ.

"ಎಷ್ಟು ಹಾಕಲ್ರಿ ಸಾಹೇಬ್ರ?" ಅಂದರು ಕಾಕಾ. "ನೀರು ಹೆಚ್ಚಾಗಬಾರದಲ್ಲ?"

ಒಳಗೆ ಕೂತೆವು. ಹುಡುಗಿ ಚುರುಮುರಿ, ಚಹಾ ತಂದಿಟ್ಟು ತನ್ನ ಅಜ್ಜಿಯ ಪಕ್ಕದಲ್ಲಿ ಕೂತಳು. ಫೋಟೋ ಸುಳ್ಳು ಹೇಳಿರಲಿಲ್ಲ. ಕಾಕಾ ನನ್ನ ಪುರಾಣವನ್ನೆಲ್ಲ ಅಜ್ಜಿಯ ಕಿವಿಯಲ್ಲಿ ಊದಿದರು.

"ಅಗಂ ಬಾಯಿ! ನಮ್ಮ ಹೊಲಕ್ಕ ನಂಬರ ಕೊಟ್ಟಾಂವ ಇವನ ಏನು?" ಎಂದು ಮರಾಠಿ ಬೆರೆಸಿ ಬೆರಗಾಯಿತು ಅಜ್ಜಿ. "ಹಂಗಾರ ಹುಡುಗನ ನಂಬರ ಎಷ್ಟು ಕೇಳ್ರಿ."

ಎಲ್ಲರೂ ನನ್ನನ್ನೇ ನೋಡಿದರು. ಮಾವ ಮೊಣಕೈಯಿಂದ ತಿವಿದು "ಹೆಚ್ಚ ಹೇಳೋ" ಎಂದು ಪಿಸುಗುಟ್ಟಿದ. ಆದರೆ ನಾನು ಓದಿದವನು, ಶಾಸ್ತ್ರ ಬಿಡುವಂತಿಲ್ಲ.

"ಏಳ್ರಿ," ಅಂದೆ.

"ಬರೇ ಏಳ?" ಅಂದರು ಕಾಕಾ. "ನಮ್ಮ ಹೊಲಾನ ಒಂಬತ್ತು ತಗೊಂಡೈತಿ!"

ಮಾವ ಆಗಲೇ ಚಪ್ಪಲಿಯ ಕಡೆ ನೋಡತೊಡಗಿದ್ದ. ಅಜ್ಜಿ ಮಾತ್ರ ಮೊಮ್ಮಗಳ ಕಡೆ ತಿರುಗಿ, "ನಿನ್ನ ಮನಸಿನಾಗ ಏನೈತಿ ಹೇಳವಾ," ಅಂದಿತು.

ಹುಡುಗಿ ತಲೆ ಎತ್ತಲಿಲ್ಲ. "ಏಳು ಸಾಕ್, ಆಯಿ. ಒಂಬತ್ತು ತಗೊಂಡ ಹೊಲದಾಗ ಮೆಂತೆಪಲ್ಯಾನೂ ಬರವಲ್ದು."

ಮೊದಲು ನಕ್ಕವರು ಕಾಕಾ. ಆ ಬೇಸಿಗೆಯಲ್ಲಿ ನಮ್ಮ ಮದುವೆಯೂ ಆಯಿತು, ಅವರ ಹೊಲದ ಸುತ್ತ ಗಟಾರವೂ ಆಯಿತು. ನಾನು ಹೇಳಿದ್ದು ತಿಳಿದ ಒಂದು ಜೀವವಾದರೂ ಈ ಭೂಮಿಯ ಮೇಲೆ ಇದೆಯಲ್ಲ ಎಂದು ಎದೆಯುಬ್ಬಿಸಿಕೊಂಡು ತಿರುಗಿದೆ. ಒಂದು ದಿನ ತಡೆಯಲಾರದೆ ಹೆಂಡತಿಯನ್ನು ಕೇಳಿದೆ.

"ನಾ ಹೇಳಿದ್ದನ್ನ ನಿಮ್ಮ ಅಪ್ಪಾರು ಮನ್ಯಾಗ ಬಂದು ಹೇಳತಿದ್ರೇನು?"

"ಹೇಳತಿದ್ರು. ಅದನ್ನ ಕೇಳಿ ನನಗೂ ಏನೂ ತಿಳಿದಿರಲಿಲ್ಲ ಬಿಡ್ರಿ," ಅಂದಳು. "ನೀವು ಕೊಟ್ಟ ಕಾಗದದ ಹಿಂದ ಎಲ್ಲಾ ಬಿಡಿಸಿ ಛಾಪಿಸ್ಯಾರಲ್ಲ, ಅದನ್ನ ಓದಿದೆ. ಗಟಾರ ಹೊಡೀರಿ ಅಂತನೂ ಐತಿ. ಅಪ್ಪಗ ಹೇಳಿದರ, ಸಾಹೇಬ್ರಿಗಿಂತ ನಿನಗ ಹೆಚ್ಚ ತಿಳೀತೈತೇನ ಅಂತ ಬೈದ್ರು."

ಐದು ವರ್ಷ ಆ ಕಾಗದ ಹಂಚಿದವನು ನಾನು. ಮರುದಿನ ಕಚೇರಿಗೆ ಹೋಗಿ, ಮೊದಲ ಸಲ ಅದನ್ನು ತಿರುವಿ ನೋಡಿದೆ.