ಬಿಲ್ಲೆಯ ಬೆನ್ನು

ದೇವರು ಪ್ರತ್ಯಕ್ಷನಾಗಿ ‘ಏನು ವರ ಬೇಕು?’ ಎಂದರೆ ನಮ್ಮ ಸೋದರಮಾವ ಮೊದಲು ಹೇಳುವ ಮಾತು: ‘ಸ್ವಲ್ಪ ಹಿಂದಕ್ಕೆ ತಿರುಗಿ.’ ಬೆನ್ನು ನೋಡದೆ ಅವರು ಇದುವರೆಗೆ ಏನನ್ನೂ ನಂಬಿದವರಲ್ಲ. ಇದು ಉತ್ಪ್ರೇಕ್ಷೆ ಎನ್ನಬೇಡಿ. ಪತ್ರಿಕೆಯಲ್ಲಿ ಕೆಲಸ ಮಾಡುವ ನನಗೆ ಎರಡು ಕಡೆಯಿಂದ ಖಾತ್ರಿಯಾಗದ್ದನ್ನು ಬರೆಯುವ ಅಭ್ಯಾಸವಿಲ್ಲ. ನನಗೆ ಹೆಣ್ಣು ನೋಡಲು ಚಾಮರಾಜನಗರಕ್ಕೆ ಹೋದಾಗ, ಕೈಗೆ ಕೊಟ್ಟ ಬೆಳ್ಳಿ ಲೋಟದ ತಳದಲ್ಲಿ ಮುದ್ರೆ ಇದೆಯೇ ಎಂದು ಮಾವ ಅದನ್ನು ತಿರುಗಿಸಿ ನೋಡಿದರು. ಲೋಟದಲ್ಲಿ ಕಾಫಿ ಇತ್ತು! ಪಂಚೆಯ ಕಲೆ ಇವತ್ತಿಗೂ ಹೋಗಿಲ್ಲ. ಹುಡುಗಿ ಮಾತ್ರ ಒಪ್ಪಿದಳು. ಎರಡನ್ನೂ ದೃಢಪಡಿಸಲು ನನ್ನ ಹೆಂಡತಿ ಸಿದ್ಧಳಿದ್ದಾಳೆ.

ಮಾವ ತೂಕ-ಅಳತೆ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಮನೆ ಗುಂಡ್ಲುಪೇಟೆಯಲ್ಲಿ. ಅವರು ಸಂತೆಯಲ್ಲಿ ಕಾಣಿಸಿಕೊಂಡರೆ ಟೊಮೆಟೊ ಮಾರುವವರ ಬೆರಳು ಈಗಲೂ ತಕ್ಕಡಿಯಿಂದ ತಾನಾಗಿಯೇ ಮೇಲೇಳುತ್ತದೆ. ನೌಕರಿಯಲ್ಲಿ ಊರೂರು ಸುತ್ತುವಾಗಲೇ ಅವರಿಗೆ ಈ ಹುಚ್ಚು ಹತ್ತಿದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾವಾಗಿಯೇ ಮುಂದೆ ಬಂದು ಹೆಸರು ಕೊಟ್ಟ ಸ್ವಯಂಸೇವಕರಿಗೆ ಎದೆಯ ಮೇಲೆ ಚುಚ್ಚಿಕೊಳ್ಳಲು ಲೋಹದ ಬಿಲ್ಲೆ ಕೊಡುತ್ತಿದ್ದರಲ್ಲ, ಅವುಗಳನ್ನು ಹುಡುಕುವುದು, ಕೂಡಿಡುವುದು, ಅಸಲಿಯೋ ನಕಲಿಯೋ ಎಂದು ತೀರ್ಪು ಕೊಡುವುದು. ಅಸಲಿಗೆ ಬಿಸ್ಕತ್ತಿನ ಡಬ್ಬ, ನಕಲಿಗೆ ಚಕ್ಕುಲಿ ಡಬ್ಬ. ಚಕ್ಕುಲಿ ಆಸೆಗೆ ಕೈ ಹಾಕಿ ಪಿನ್ನು ಚುಚ್ಚಿಸಿಕೊಳ್ಳದ ನೆಂಟರು ನಮ್ಮಲ್ಲಿ ಯಾರಿದ್ದಾರೆ?

ಅವರ ಪರೀಕ್ಷೆಯ ಕ್ರಮವೇ ಬೇರೆ. ಬಿಲ್ಲೆಯ ಮುಂಭಾಗವನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ‘ಮಖಕ್ಕೆ ಎಲ್ರೂ ಪೌಡ್ರು ಹಾಕ್ತಾರೆ ಕಣ್ಲಾ, ಬೆನ್ನಿಗೆ ಯಾರು ಹಾಕ್ತಾರೆ?’ ಎನ್ನುತ್ತಾರೆ. ಸರ್ಕಾರ ಯಂತ್ರದಲ್ಲಿ ಅಚ್ಚೊತ್ತಿಸಿದ ಬಿಲ್ಲೆಯ ಬೆನ್ನು ನುಣುಪು. ಯಾರೋ ಎರಕ ಹೊಯ್ದ ನಕಲಿಯ ಬೆನ್ನಿನಲ್ಲಿ ಸೆಟ್ ದೋಸೆಯ ಮೇಲಿರುವಂಥ ಸಣ್ಣ ಸಣ್ಣ ತೂತು. ಆಮೇಲೆ ಚಿನ್ನದಂಗಡಿಯ ಪುಟ್ಟ ತಕ್ಕಡಿಯಲ್ಲಿ ತೂಕ. ಆಮೇಲೆ ಮೂಸುವುದು. ಕೊನೆಗೆ ಹಿಂದಿನ ಪಿನ್ನು. ಪಿನ್ನನ್ನು ಅವರು ಉಸಿರು ಹಿಡಿದು ನೋಡುತ್ತಾರೆ, ನೋಡಿ ನಿಟ್ಟುಸಿರು ಬಿಡುತ್ತಾರೆ. ನಕಲಿಯಾದರೆ ಸರಿ, ಅಸಲಿ ಸಿಕ್ಕಾಗಲೂ ನಿಟ್ಟುಸಿರು! ಹಾಗಾದರೆ ಈ ಮನುಷ್ಯನಿಗೆ ಬೇಕಾದದ್ದಾದರೂ ಏನು?

ಚಾಮರಾಜನಗರದ ಗುಜರಿ ಅಂಗಡಿಯವನೊಬ್ಬ ಅವರಿಗಾಗಿಯೇ ಒಂದು ಬಿಲ್ಲೆಯನ್ನು ಎತ್ತಿಟ್ಟಿದ್ದ. ನಾನೂ ಜೊತೆಗಿದ್ದೆ.

‘ಸಾ, ಇದು ಬರ್ಮಾ ಕಾಡಲ್ಲಿ ಓಡಾಡಿರೋ ಮಾಲು. ಹೆಂಗೆ ಹಸ್ರುಗಟ್ಟದೆ ನೋಡಿ!’

ಮಾವ ಮೂಗಿನ ಹತ್ತಿರ ಹಿಡಿದರು. ‘ಯಾವ ಬರ್ಮಾ ಲಾ? ಹುಳಿ ಮಜ್ಜಿಗೆ ವಾಸ್ನೆ ಬತ್ತಾ ಅದೆ. ಮಜ್ಜಿಗೇಲಿ ನೆನೆಸಿ ತಿಪ್ಪೇಲಿ ಎಷ್ಟು ದಿನ ಹೂತಿದ್ದೆ?’

‘ಹದಿನೈದೇ ದಿನ ಸಾ,’ ಎಂದುಬಿಟ್ಟ, ಪಾಪ. ಇನ್ಸ್‌ಪೆಕ್ಟರ್ ದನಿ ಕೇಳಿದರೆ ಅವನಿಗೆ ಹಳೆಯ ಭಯ.

‘ಇನ್ನೊಂದು ತಿಂಗ್ಳು ಬುಟ್ಟಿದ್ರೆ ನಾನೇ ಮೋಸ ಹೋಯ್ತಿದ್ದೆ ಕಣೋ!’ ಎಂದು ಮಾವ ಬೆನ್ನು ತಟ್ಟಿ ಬಂದರು.

ಆದರೆ ಹೊರಗಿನ ಶತ್ರುಗಳಿಗಿಂತ ಅವರನ್ನು ಹೆಚ್ಚು ಕಾಡಿದವರು ನಮ್ಮ ಅತ್ತೆ. ಒಂದು ಆಯುಧಪೂಜೆಯ ದಿನ, ಮಾವ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ, ಈಳಿಗೆಮಣೆ, ಸುತ್ತಿಗೆ, ಸ್ಕೂಟರ್ ಕೀಲಿಗಳ ಸಾಲಿನಲ್ಲಿ ಬಿಸ್ಕತ್ತು ಡಬ್ಬದ ಅಷ್ಟೂ ಅಸಲಿ ಬಿಲ್ಲೆಗಳು ಅರಿಶಿನ ಕುಂಕುಮ ಇಟ್ಟುಕೊಂಡು ಫಳಫಳ ಹೊಳೆಯುತ್ತಿದ್ದವು. ಹುಣಸೆಹಣ್ಣಿನ ಸ್ನಾನ!

‘ಎಂಬತ್ತು ವರ್ಷದ ಕಿಲುಬು ಕಣೇ! ತೊಳೆದ್ಬುಟ್ಯಲ್ಲೇ!’

‘ಎಂಬತ್ತು ವರ್ಸದಿಂದ ಒಬ್ರೂ ತೊಳೆದಿಲ್ಲ ಅಂದ್ರೆ ನಾಚ್ಕೆ ಆಗ್ಬೇಕು ಕಣ್ರೀ,’ ಎಂದು ಅತ್ತೆ ಕರ್ಪೂರ ಹಚ್ಚಿದರು. ಮಾವ ಆ ದಿನ ಹೋಳಿಗೆ ಮುಟ್ಟಲಿಲ್ಲ. ಮೂರನೆಯ ಸಲ ಬಡಿಸಿದಾಗ ಮುಟ್ಟಿದರು.

ಇಷ್ಟೆಲ್ಲ ಪರೀಕ್ಷೆ ಮಾಡುವವರ ಮನೆಯಲ್ಲಿ, ನಾವು ಕಂಡಂತೆ ಎಂದೂ ಪರೀಕ್ಷೆಗೆ ಒಳಗಾಗದ ಬಿಲ್ಲೆಯೊಂದಿತ್ತು. ನಡುಮನೆಯ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ, ಅವರ ಅಪ್ಪನ, ಎಂದರೆ ನನ್ನ ತಾತನ ಬಿಲ್ಲೆ. ತಾತ ಬೇಗೂರಿನ ಪಕ್ಕದ ಊರಿನವರು. ಯುದ್ಧಕ್ಕೆಂದು ಹೊರಟು ಒಂದು ವರ್ಷ ಕಾಣೆಯಾಗಿ, ಈ ಬಿಲ್ಲೆ ಚುಚ್ಚಿಕೊಂಡು ಮರಳಿದರು ಎಂಬುದು ನಮ್ಮ ಮನೆತನದ ಇತಿಹಾಸ. ಅವರ ಬಲಗೈಯ ತೋರುಬೆರಳು ಸೊಟ್ಟಗಿತ್ತು. ಬಂದೂಕಿನ ಕುದುರೆ ಎಳೆದೂ ಎಳೆದೂ ಹಾಗಾಯಿತೆಂದು ಅಜ್ಜಿ ಹೇಳುತ್ತಿದ್ದರು. ಅವರಿಗೆ ಮಲಯಾಳ ಸೊಗಸಾಗಿ ಬರುತ್ತಿತ್ತು. ಬರ್ಮಾದಲ್ಲಿ ಕಲಿತದ್ದು ಎಂದೇ ಮನೆಯವರೆಲ್ಲರ ನಂಬಿಕೆ!

‘ಮಾವ, ಊರಿನವರದ್ದೆಲ್ಲ ತಿರುಗಿಸಿ ನೋಡುತ್ತೀರಿ. ತಾತನದ್ದನ್ನೂ ಒಂದು ಸಲ ನೋಡಿಬಿಡಿ, ಅಸಲಿಯಾದರೆ ನಾನೇ ಸುದ್ದಿ ಮಾಡುತ್ತೇನೆ,’ ಎಂದು ನಾನು ಹೋದಾಗಲೆಲ್ಲ ಕೆಣಕುತ್ತಿದ್ದೆ.

‘ನಿನ್ ಸುದ್ದಿ ನೀನ್ ನೋಡ್ಕೊ ಹೋಗ್ಲಾ,’ ಎನ್ನುವರು. ಅದೊಂದು ಮಾತಿಗೆ ಮಾತ್ರ ಅವರ ದನಿಯಲ್ಲಿ ತಮಾಷೆ ಇರುತ್ತಿರಲಿಲ್ಲ.

ಹೋದ ತಿಂಗಳು ಬಂಡೀಪುರದಲ್ಲಿ ಕೆಲಸ ಮುಗಿಸಿ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಬೇಗೂರಿನಿಂದ ಬಸ್ಸು ಹತ್ತಿ ವಯಸ್ಸಾದ ಹೆಂಗಸೊಬ್ಬರು ಬಂದರು. ಸೆರಗಿನ ಗಂಟು ಬಿಚ್ಚಿ ಬಿಲ್ಲೆಯೊಂದನ್ನು ಮಾವನ ಅಂಗೈಗೆ ಹಾಕಿದರು.

‘ನಮ್ಮಪ್ಪಂದು ಕಣಪ್ಪ. ಸೊಸೆ ಇದ್ನ ಆಟದ ಸಾಮಾನು ಅಂತಾಳೆ. ನೀನು ನೋಡಿ ಹೇಳ್ಬುಡು. ಸುಳ್ಳಿಂದಾದ್ರೆ ಗುಜ್ರಿಗೆ ಹಾಕ್ಬುಡ್ತೀನಿ.’

‘ನಿಮ್ಮಪ್ಪ ಯುದ್ಧಕ್ಕೆ ಹೋಗಿದ್ರಾ ಅಕ್ಕ?’

‘ಹೂಂ ಮತ್ತೆ! ಎಡಗಣ್ಣು ಹುಟ್ಟಿದಾಗ್ಲಿಂದ ಮುಚ್ಚೇ ಇತ್ತು ಕಣಪ್ಪ. ಗುರಿ ಇಡಕ್ಕೆ ಅನುಕೂಲ ಆಯ್ತದೆ ಅಂತ ತಕ್ಷಣ ಸೇರಿಸ್ಕಂಡ್ರಂತೆ!’

ನಾನು ಅನ್ನದ ತುತ್ತಿನೊಂದಿಗೆ ನಗುವನ್ನೂ ನುಂಗಿದೆ. ಮಾವ ನಗಲಿಲ್ಲ. ಬಿಲ್ಲೆಯನ್ನು ತಿರುಗಿಸಿದ್ದರು. ಮೂಸಲಿಲ್ಲ, ತೂಗಲಿಲ್ಲ. ಪಿನ್ನನ್ನೇ ನೋಡುತ್ತ ಕೂತರು. ಈ ಸಲ ನಿಟ್ಟುಸಿರು ಬರಲಿಲ್ಲ.

ಆಮೇಲೆ ಎದ್ದು ಹೋಗಿ, ಗೋಡೆಯಿಂದ ತಾತನ ಚೌಕಟ್ಟನ್ನು ಇಳಿಸಿ, ಹಿಂದಿನ ರಟ್ಟು ಬಿಚ್ಚಿದರು. ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಮಾವ ಎರಡೂ ಬಿಲ್ಲೆಗಳನ್ನು ಬೆನ್ನು ಮೇಲೆ ಮಾಡಿ ಜಗಲಿಯ ಮೇಲೆ ಅಕ್ಕಪಕ್ಕ ಇಟ್ಟರು. ಎರಡರಲ್ಲೂ ದೋಸೆಯ ತೂತು. ಎರಡರ ಪಿನ್ನೂ ಒಂದೇ: ಹಳೆಯ ಕೊಡೆಯ ಕಡ್ಡಿಯನ್ನು ತುಂಡು ಮಾಡಿ, ಎಡಕ್ಕೆ ತುಸು ವಾಲಿಸಿ ಬೆಸೆದದ್ದು. ಒಂದೇ ಕೈಯ ಕೆಲಸ ಎಂದು ಹೇಳಲು ನನಗೂ ಭೂತಗನ್ನಡಿ ಬೇಕಾಗಲಿಲ್ಲ.

‘ಗುಜ್ರಿಗೆ ಹಾಕ್ಬೇಡಿ ಅಕ್ಕ,’ ಎಂದರು ಮಾವ. ‘ನೋಡಿ, ನಮ್ಮಪ್ಪಂದೂ ಇಂಥದ್ದೇಯ.’

‘ಹಂಗಾರೆ ಇಬ್ರೂ ಜೊತೇಲಿ ಹೋಗಿದ್ರಾ?’

‘ಜೊತೇಲೇ ಹೋಗವ್ರೆ. ಜೊತೇಲೇ ಬಂದವ್ರೆ.’

ಆಕೆ ಎರಡನ್ನೂ ಕಣ್ಣಿಗೊತ್ತಿಕೊಂಡರು. ತಮ್ಮದನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, ‘ಅವಳಿಗೆ ಈಗ ಹೇಳ್ತೀನಿ ಇರು,’ ಎಂದು ಸೊಸೆಯ ಮೇಲೆ ಯುದ್ಧಕ್ಕೆ ಹೊರಟವರಂತೆ ಬಸ್ ನಿಲ್ದಾಣದ ಕಡೆ ನಡೆದರು.

‘ಅಸಲಿ ಅಂದುಬಿಟ್ಟಿರಲ್ಲ ಮಾವ!’ ಎಂದೆ.

‘ಅಸಲಿ ಅಂತ ಎಲ್ಲಂದೆ? ನಿಂಗೆ ವರದಿ ಬರಿಯೋ ಕೆಲ್ಸ ಕೊಟ್ಟೋರು ಯಾರ್ಲಾ?’ ಎಂದು ಗದರಿ, ತಾತನ ಬಿಲ್ಲೆಯನ್ನು ಕೈಗೆತ್ತಿಕೊಂಡರು. ‘ಕೊಡೆ ಕಡ್ಡೀಲಿ ಯಾವ ಸರ್ಕಾರ ಪಿನ್ನು ಮಾಡುಸ್ತದೆ ಹೇಳು. ಅಪ್ಪ ತೀರ್ಕೊಂಡ ವರ್ಷವೇ ಬಿಚ್ಚಿ ನೋಡಿದ್ದೆ. ಯುದ್ಧದ ಕಾಲ, ತಂತಿ ಸಿಕ್ಕದೆ ಹಂಗೇ ಮಾಡಿ ಕೊಟ್ಟಿದ್ರೂ ಕೊಟ್ಟಿರ್ಬೋದು ಅಂತ ಒಂದು ಆಸೆ. ಇಂಥದ್ದೇ ಇನ್ನೊಂದು ಸಿಕ್ಕುದ್ರೆ ಅಪ್ಪಂದೂ ಅಸಲಿ ಆಯ್ತದಲ್ಲ ಅಂತ ನಲವತ್ತು ವರ್ಷದಿಂದ ಕಂಡೋರ ಬಿಲ್ಲೆಯೆಲ್ಲ ತಿರುಗಿಸ್ದೆ.’

ನನಗೆ ಆ ನಿಟ್ಟುಸಿರುಗಳೆಲ್ಲ ನೆನಪಾದವು. ಸುದ್ದಿಯನ್ನು ಖಾತ್ರಿಪಡಿಸುವ ಎರಡನೆಯ ಮೂಲಕ್ಕಾಗಿ ನಾನು ಹೆಚ್ಚೆಂದರೆ ಸಂಜೆ ಪುಟ ಮುಗಿಯುವವರೆಗೆ ಕಾದವನು.

‘ಇವತ್ತು ಸಿಕ್ತಲ್ಲ ಮಾವ?’

‘ಸಿಕ್ತು. ಸೊಟ್ಟ ಬೆರಳಿನೋರು ಒಬ್ರು, ಒಕ್ಕಣ್ಣಿನೋರು ಒಬ್ರು. ಯಾವ ಸೈನ್ಯ ಸೇರಿಸ್ಕಂಡದು ಲಾ? ಇಬ್ರನ್ನೂ ವಾಪಸ್ ಕಳಿಸವ್ರೆ. ಊರಿಗೆ ಬರೋಕೆ ಮುಖ ಇಲ್ದೆ, ವಯನಾಡಲ್ಲಿ ಯಾವುದೋ ತೋಟದಲ್ಲಿ ಕೂಲಿ ಮಾಡವ್ರೆ. ಬರೋವಾಗ ಒಬ್ಬನ ಹತ್ರಾನೇ ಎರಡು ಹೊಯ್ಸವ್ರೆ.’

ತಾತನ ಮಲಯಾಳ ಬರ್ಮಾದ್ದಲ್ಲ, ವಯನಾಡಿನದ್ದು ಎಂದಾಯಿತು. ನಗಬೇಕೆನಿಸಿತು. ಆದರೆ ಮಾವ ಪಂಚೆಯ ತುದಿಯಿಂದ ಬಿಲ್ಲೆಯನ್ನು ಒರೆಸುತ್ತಿದ್ದರು. ಕಿಲುಬು ಹೋಗುತ್ತದೆಂಬ ಭಯವೂ ಇಲ್ಲದೆ.

‘ಸುಳ್ಳು ಅನ್ನೋದು ಒಳಗೊಳಗೇ ಗೊತ್ತಿತ್ತು ಕಣ್ಲಾ, ಸಂಕಟ ಅದಕ್ಕಲ್ಲ. ಅಪ್ಪ ಅಷ್ಟು ದೊಡ್ಡ ಅವಮಾನ ಹೊತ್ಕೊಂಡು ಆ ಕಾಡು ದಾರೀಲಿ ಒಬ್ರೇ ನಡ್ಕೊಂಡು ಬಂದ್ರಲ್ಲ ಅಂತ ನೆನುಸ್ಕೊಂಡ್ರೆ ಒಂದೊಂದ್ಸಲ ಊಟ ಸೇರ್ತಿರ್ಲಿಲ್ಲ. ಒಬ್ರೇ ಬಂದಿಲ್ಲ, ನೋಡು. ಮಾತಾಡ್ಕೊಂಡು ಬಂದವ್ರೆ.’

ಅತ್ತೆ ಸೆರಗಿನಿಂದ ಗಾಜು ಒರೆಸಿಕೊಟ್ಟರು. ಮಾವ ಬಿಲ್ಲೆಯನ್ನು ಚೌಕಟ್ಟಿನೊಳಗೆ ಕೂರಿಸಿ, ರಟ್ಟು ಮುಚ್ಚಿ, ಅದೇ ಮೊಳೆಗೆ ನೇತುಹಾಕಿದರು. ಈ ಸಲ ಬಿಲ್ಲೆಯ ಮುಖ ಗೋಡೆಯ ಕಡೆಗೆ, ಕೊಡೆ ಕಡ್ಡಿಯ ಪಿನ್ನು ನಮ್ಮ ಕಡೆಗೆ.