ಗುಡ್ಡದಾಚೆಯ ಹವಾಮಾನ

ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಹೊಸ ವಿದ್ಯೆ ಬರಬಾರದು. ಬಂದರೂ ಯಾರಿಗೂ ಹೇಳದೆ ಬಚ್ಚಿಟ್ಟುಕೊಳ್ಳಬೇಕು. ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಕನ್ನಡ ಓದಲು ಬಂತು. ನಗಬೇಡಿ. ನಮ್ಮದು ತಲೆತಲಾಂತರದಿಂದ ಗಡಿಯಾಚೆ ತಮಿಳು ಸೀಮೆಯ ಸೋಮನೂರಿನಲ್ಲಿ ನೇಯ್ಗೆ ಮಾಡಿಕೊಂಡು ಬಂದ ಮನೆತನ. ಹೊಸಿಲಿನ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಾತು ಉಳಿಯಿತು, ಅಕ್ಷರ ಮಾತ್ರ ನಮ್ಮ ಅಜ್ಜಂದಿರ ಕಾಲದಲ್ಲೇ ಎಲ್ಲೋ ಕೈಬಿಟ್ಟು ಹೋಯಿತು. ಒಮ್ಮೆ ಮೈಸೂರಿಗೆ ಹೋದವನು ಮಕ್ಕಳ ಅಕ್ಷರಮಾಲೆ ಕೊಂಡು ತಂದೆ. ಎಂಟು ಪವರ್‌ಲೂಮುಗಳು ಕಿವಿಗಡಚಿಕ್ಕುವ ನಮ್ಮ ಶೆಡ್ಡಿನಲ್ಲಿ ಕುಳಿತು ಗಟ್ಟಿಯಾಗಿ ಕಾಗುಣಿತ ಒಪ್ಪಿಸಿದೆ. ಆ ಸದ್ದಿನಲ್ಲಿ ನನ್ನ ತಪ್ಪುಗಳು ನನಗೇ ಕೇಳಿಸದ ಕಾರಣ ಬಹಳ ಬೇಗ ಕಲಿತೆ.

ಕಲಿತದ್ದೇನೋ ಆಯಿತು, ಓದುವುದಕ್ಕೆ ಮನೆಯಲ್ಲಿ ಕನ್ನಡದ ಒಂದು ಚೀಟಿಯೂ ಇರಲಿಲ್ಲ. ಕೊನೆಗೆ ಫೋನಿನಲ್ಲಿ ದಿನಾ ಬೆಳಿಗ್ಗೆ ಕನ್ನಡದ ಹವಾಮಾನ ವರದಿ ಬರುತ್ತದೆಂದು ಗೊತ್ತಾಯಿತು. ಅದನ್ನೇ ಕಾಫಿ ಕುಡಿಯುತ್ತಾ ಜೋರಾಗಿ ಓದತೊಡಗಿದೆ. 'ಒಣ ಹವೆ ಇರಲಿದೆ. ಗರಿಷ್ಠ ಉಷ್ಣಾಂಶ ಮೂವತ್ತೈದು ಡಿಗ್ರಿ. ಗುಡುಗು ಸಹಿತ ಮಳೆಯ ಸಾಧ್ಯತೆ ಕಡಿಮೆ.' ಆಹಾ, ಎಂಥ ಗಾಂಭೀರ್ಯ! ನಮ್ಮ ಮನೆಯ ಕನ್ನಡದಲ್ಲಿ 'ಬಿಸಿಲು ಸುಡ್ತದೆ' ಎನ್ನುವುದನ್ನು ಇಷ್ಟು ಘನವಾಗಿ ಯಾರೂ ಹೇಳಿದ್ದಿಲ್ಲ. ನೆಂಟರಿಷ್ಟರೆಲ್ಲ ಬೆರಗಾದರು. ವಡಕ, ಅಂದರೆ ಸಂಡಿಗೆ, ಹಾಕುವವರು, ಮೆಣಸಿನಕಾಯಿ ಒಣಗಿಸುವವರು, ಮಾಳಿಗೆಯ ಮೇಲೆ ಮಲಗುವವರು ಎಲ್ಲರೂ ನನಗೆ ಫೋನು ಮಾಡಿ ಕೇಳತೊಡಗಿದರು. ನಾನು ನಮ್ಮ ಕುಲದ ಹವಾಮಾನ ಇಲಾಖೆಯಾದೆ.

ಇಲ್ಲಿ ಒಂದು ಸಣ್ಣ ವಿಷಯವನ್ನು ನಿಮಗೆ ಮಾತ್ರ ಹೇಳುತ್ತೇನೆ. ಆ ವರದಿ ಕರ್ನಾಟಕದ್ದು. ಅದರಲ್ಲಿ ನಮ್ಮ ಜಿಲ್ಲೆಯ ಹೆಸರೇ ಇರುವುದಿಲ್ಲ. ಅದರ ಜೊತೆ ಬರುವ ಭೂಪಟದಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಚಾಮರಾಜನಗರ. ಅದು ಸತ್ಯಮಂಗಲದ ಗುಡ್ಡ ಹತ್ತಿ ಇಳಿದರೆ ಸಿಗುವ ಊರು, ಮೋಡಕ್ಕೇನು ಚೆಕ್‌ಪೋಸ್ಟ್ ಉಂಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಊರಿನ ಹೆಸರನ್ನು ನುಂಗಿ ಉಳಿದದ್ದನ್ನು ಓದುತ್ತಿದ್ದೆ. ತಮಿಳಿನ ವರದಿ ನೋಡಬಹುದಿತ್ತಲ್ಲ ಎನ್ನುತ್ತೀರಿ. ನೋಡಬಹುದಿತ್ತು. ಆದರೆ ತಮಿಳನ್ನು ನಮ್ಮ ಮನೆಯಲ್ಲಿ ಎಲ್ಲರೂ ಓದುತ್ತಾರೆ. ಆಮೇಲೆ ನನ್ನನ್ನು ಕೇಳುವವರು ಯಾರು?

ಬೇಸಿಗೆಯಲ್ಲಿ ಹೇಗೂ ಹತ್ತು ದಿನಕ್ಕೆ ಒಂಬತ್ತು ದಿನ ಬಿಸಿಲೇ ಇರುವುದರಿಂದ ನನ್ನ ಮಾತು ಒಂಬತ್ತು ಸಲ ನಿಜವಾಗುತ್ತಿತ್ತು. ಹತ್ತನೆಯ ದಿನ ಗುಡುಗಿ, ಕರೆಂಟು ಹೋಗಿ, ಎಂಟು ಮಗ್ಗಗಳೂ ಒಟ್ಟಿಗೆ ಬಾಯಿ ಮುಚ್ಚಿದಾಗ ನಾನೂ ಮುಚ್ಚಿಕೊಂಡಿರುತ್ತಿದ್ದೆ.

ಈ ಸಲದ ಬೇಸಿಗೆಯಲ್ಲಿ ಮೊಮ್ಮಗಳಿಗೆ ಕಿವಿ ಚುಚ್ಚಿಸುವ ಕಾರ್ಯ ಇಟ್ಟುಕೊಂಡೆವು. ನನಗೆ ಒಬ್ಬಳೇ ಅಕ್ಕ, ವೆಳ್ಳಕೋಯಿಲಿಗೆ ಕೊಟ್ಟಿದೆ. ಅವರದು ಮೊದಲು ಬೇಸಾಯ, ಈಗ ಕೊಬ್ಬರಿ ವ್ಯಾಪಾರ. ತೆಂಗಿನಕಾಯಿ ಒಡೆದು, ಹೋಳುಗಳನ್ನು ದೊಡ್ಡ ಸಿಮೆಂಟಿನ ಕಳದಲ್ಲಿ, ಅಂದರೆ ಕಣದಲ್ಲಿ, ಹರಡಿ ದಿನಗಟ್ಟಲೆ ಒಣಗಿಸುತ್ತಾರೆ. ಅರ್ಧ ಒಣಗಿದ ಕೊಬ್ಬರಿಗೆ ಮಳೆ ಬಿದ್ದರೆ ಮುಗಿಯಿತು, ಬೂಷ್ಟು ಹಿಡಿದು ಕಪ್ಪಾಗುತ್ತದೆ. ಹಾಗಾಗಿ ಮೋಡ ಕಂಡ ಕೂಡಲೇ ನಾಲ್ಕು ಜನ ಓಡಿ, ಕೊಬ್ಬರಿಯನ್ನು ಗುಡ್ಡೆ ಮಾಡಿ ತಾರ್ಪಾಯಿ ಮುಚ್ಚಬೇಕು. ಕಾರ್ಯ ಇದ್ದದ್ದು ಭಾನುವಾರ. ಕಳದ ಆಳುಗಳಿಗೆ ಅಂದು ರಜೆ.

"ತಮ್ಮಾ, ಕಳ ತುಂಬ ಹರವಿ ಬಿಟ್ಟಿದೀನಿ. ಭಾನುವಾರ ಮಳೆ ಬತ್ತದಾ, ಇಲ್ಲವಾ? ಸರಿಯಾಗಿ ನೋಡಿ ಹೇಳು" ಎಂದಳು ಅಕ್ಕ ಫೋನಿನಲ್ಲಿ.

ಹಿಂದಿನಿಂದ ಭಾವನ ಧ್ವನಿ ಕೇಳಿಸಿತು. "ನೀ ಹೋಗಿ ಬಾ, ನಾನು ಇಲ್ಲೇ ಇರ್ತೀನಿ. ಸಂಜೆ ಹೊತ್ತು ಗುಡುಗಿ ಬರೋ ಇಡಿಮಳೆ ನಂಬಕ್ಕಾಗಲ್ಲ."

ಭಾವ ಬಾರದೆ ಅಕ್ಕ ಒಬ್ಬಳೇ ಬಂದರೆ ನೆಂಟರ ಮುಂದೆ ನನ್ನ ಮುಖ ಏನಾಗಬೇಕು? ನಾನು ಕನ್ನಡಕ ಏರಿಸಿ ಓದಿದೆ. "ಒಣ ಹವೆ! ಗರಿಷ್ಠ ಉಷ್ಣಾಂಶ ಮೂವತ್ತಾರು! ಇಬ್ಬರೂ ಬನ್ನಿ ಅಕ್ಕ, ಒಂದು ತೊಟ್ಟು ಬಿದ್ರೆ ನನ್ನ ಕೇಳು."

"ನೀನೇ ಹೇಳಿದ ಮೇಲೆ ಇನ್ನೇನು" ಎಂದಳು.

ಭಾನುವಾರ ಇಬ್ಬರೂ ಬಂದರು. ಕಿವಿ ಚುಚ್ಚಿದ್ದಾಯಿತು, ಮಗು ಊರು ಹಾರಿಹೋಗುವಂತೆ ಅತ್ತದ್ದಾಯಿತು, ಪಾಯಸದ ಊಟವೂ ಆಯಿತು. ಭಾವ ಎಲೆಯಡಿಕೆ ಹಾಕಿಕೊಂಡು, ಇಷ್ಟು ನಿಶ್ಚಿಂತೆಯಾಗಿ ಕೂತು ಎಷ್ಟು ದಿನವಾಗಿತ್ತು ಎಂದು ಗೋಡೆಗೆ ಒರಗಿದರು. ಆಗಲೇ ಅವರ ಫೋನು ಕೂಗಿತು. ವೆಳ್ಳಕೋಯಿಲಿನ ಪಕ್ಕದ ಮನೆಯವರು. ಮಾತಾಡುತ್ತಾ ಆಡುತ್ತಾ ಭಾವ ಎದ್ದು ನಿಂತರು. ಅಲ್ಲಿ ಗಾಳಿ ಎದ್ದು, ಆನೆಕಲ್ಲು ಬಿದ್ದು, ಅರ್ಧ ಗಂಟೆಯಿಂದ ಮಳೆ ಸುರಿಯುತ್ತಿತ್ತು. ಕಳದ ಗೇಟಿಗೆ ಬೀಗ.

ಅಕ್ಕ ನನ್ನ ಮುಖ ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ವರದಿಯಲ್ಲಿ ಹಾಗೇ ಇತ್ತು ಅಕ್ಕ, ಬೇಕಾದ್ರೆ ನೋಡು" ಎಂದು ಫೋನು ತೆಗೆದೆ. ಅದೇ ನಾನು ಮಾಡಿದ ಎರಡನೆಯ ತಪ್ಪು. ಫೋನನ್ನು ತೆಗೆದುಕೊಂಡವಳು ನನ್ನ ಹೆಂಡತಿ. ಅವಳಿಗೆ ಕನ್ನಡದ ಒಂದಕ್ಷರ ಬಾರದು, ಆದರೆ ವರದಿಯ ಜೊತೆ ಒಂದು ಭೂಪಟ ಇತ್ತಲ್ಲ, ಅದಕ್ಕೆ ಅಕ್ಷರ ಯಾಕೆ ಬೇಕು?

"ಇದರಲ್ಲಿ ಸೋಮನೂರು ಎಲ್ಲಿದೆ?" ಎಂದಳು.

"ಇಲ್ಲೇ, ಸ್ವಲ್ಪ ಕೆಳಗೆ."

"ಕೆಳಗೆ ಅಂದ್ರೆ ಎಲ್ಲಿ? ಬೆರಳಿಟ್ಟು ತೋರ್ಸಿ."

ಬೆರಳಿಟ್ಟೆ. ಚಾಮರಾಜನಗರದಿಂದ ಕೆಳಗೆ ಜಾರುತ್ತಾ ಜಾರುತ್ತಾ ನನ್ನ ಬೆರಳು ಭೂಪಟ ದಾಟಿತು, ಗಾಜು ದಾಟಿತು, ಫೋನಿನ ಅಂಚನ್ನೂ ದಾಟಿ ಅವಳ ಹೆಬ್ಬೆರಳಿನ ಮೇಲೆ ಬಂದು ನಿಂತಿತು. ವೆಳ್ಳಕೋಯಿಲು ಬಹುಶಃ ಅವಳ ಬಳೆಯ ಹತ್ತಿರ ಇದ್ದಿರಬೇಕು.

"ಅಯ್ಯೋ ಸಾಮೀ! ನಾಲ್ಕು ವರ್ಷದಿಂದ ಬೇರೆ ಊರಿನ ಬಿಸಿಲಿಗೆ ನಾನು ವಡಕ ಹಾಕಿದೀನಿ!" ಎಂದು ಅವಳು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅಂದು ಕರೆಂಟು ಹೋಗಿ ಮಗ್ಗಗಳೂ ನಿಂತಿದ್ದವು. ನನ್ನ ಗ್ರಹಚಾರ.

ಭಾವ ಮಾತ್ರ ಗದರಲಿಲ್ಲ. "ಬಿಡು ಮಚ್ಚಾನ್, ಆದದ್ದಾಯ್ತು" ಎಂದರು. ಒಂದೂವರೆ ಗಂಟೆಯ ದಾರಿ, ಬಟ್ಟೆ ಬೇಲು ಸಾಗಿಸುವ ನಮ್ಮ ವ್ಯಾನಿನಲ್ಲೇ ಓಡಿದೆವು. ನಾನು ರೇಷ್ಮೆ ಪಂಚೆ ಎತ್ತಿಕಟ್ಟಿ ಮೊಣಕಾಲಿನವರೆಗೆ ಕೆಸರಾಗಿ ಕೊಬ್ಬರಿ ಬಾಚಿದೆ. ಮರುದಿನವೂ ಅಲ್ಲಿ ಮೋಡ ಕವಿದೇ ಇತ್ತು. ಆಗ ನನಗೆ ಹೊಳೆದದ್ದು ನಮ್ಮ ಮಗ್ಗದ ಶೆಡ್ಡು. ತಗಡಿನ ಮಾಡು, ಕೆಳಗೆ ಒಲೆಯಂಥ ಕಾವು. ಮೂರು ಲೋಡು ಕೊಬ್ಬರಿಯನ್ನು ತಂದು ಮಗ್ಗಗಳ ನಡುವಿನ ದಾರಿಯಲ್ಲಿ, ನೂಲು ಸುತ್ತಿದ ಬೀಮುಗಳ ಪಕ್ಕದಲ್ಲಿ, ಎಲ್ಲಿ ಕಾಲಿಡಲು ಜಾಗವಿತ್ತೋ ಅಲ್ಲೆಲ್ಲ ಹರಡಿ ಫ್ಯಾನು ಹಾಕಿದೆ. ಆರು ದಿನ ದಿನಕ್ಕೆ ನಾಲ್ಕು ಸಲ ಬಗ್ಗಿ ಬಗ್ಗಿ ಒಂದೊಂದು ಹೋಳನ್ನೂ ತಿರುವಿದೆ. ಗರಿಷ್ಠ ಉಷ್ಣಾಂಶ ಎಂದರೆ ಏನೆಂದು ಮೊದಲ ಸಲ ನನ್ನ ಬೆನ್ನಿಗೆ ತಿಳಿಯಿತು. ಮುಕ್ಕಾಲು ಪಾಲು ಕೊಬ್ಬರಿ ಉಳಿಯಿತು. ಆ ವಾರ ನೇಯ್ದ ಬಟ್ಟೆ ಮಾತ್ರ ಎಣ್ಣೆ ಗಾಣದ ವಾಸನೆ ಹೊಡೆಯುತ್ತಿತ್ತು.

ಅಂದ ಹಾಗೆ, ಆ ಭಾನುವಾರ ಚಾಮರಾಜನಗರದಲ್ಲಿ ಎಂಥ ಹವೆ ಇತ್ತೆಂದು ಆಮೇಲೆ ವಿಚಾರಿಸಿದೆ. ಒಣ ಹವೆ. ವರದಿ ಬರೆದವರನ್ನು ಯಾರೂ ದೂರುವಂತಿಲ್ಲ.

ಕೊಬ್ಬರಿ ಕಳಿಸಿಕೊಟ್ಟ ಮೇಲೂ ಅಕ್ಕ ಎರಡು ವಾರ ಫೋನು ಮಾಡಲಿಲ್ಲ. ನಾನು ಮಾಡಿದರೆ ಭಾವನೇ ಎತ್ತಿ, ಚೆನ್ನಾಗಿದ್ದಾಳೆ ಎಂದು ಇಡುತ್ತಿದ್ದರು. ಬೆಳಗಿನ ಕಾಫಿ ರುಚಿಸದೆ ಹೋಯಿತು. ಅಕ್ಷರ ಕಲಿಯದಿದ್ದರೆ ಅಕ್ಕನಾದರೂ ಉಳಿಯುತ್ತಿದ್ದಳಲ್ಲ ಎಂದು ಅಕ್ಷರಮಾಲೆಯನ್ನು ಅಟ್ಟಕ್ಕೆ ಎಸೆದೆ. ಮೊನ್ನೆ ಬೆಳಿಗ್ಗೆ ಫೋನು ಬಂತು.

"ತಮ್ಮಾ, ಇವತ್ತು ಮಳೆ ಬತ್ತದಾ?"

"ನನ್ನ ಯಾಕೆ ಕೇಳ್ತೀ ಅಕ್ಕ?"

"ಕೇಳಿ ಕೇಳಿ ಪಳಗಿ ಹೋಯ್ತು. ನಿನ್ನ ಕೇಳದೆ ಕಳಕ್ಕೆ ಇಳಿಯಕ್ಕೆ ಕಾಲೇ ಬರಲ್ಲ. ಹೇಳು."

ಈ ಸಲ ಮೋಸ ಮಾಡಬಾರದೆಂದು ಫೋನು ಹಿಡಿದೇ ಬೀದಿಗೆ ಬಂದೆ. ಪೂರ್ವ ನೋಡಿದೆ, ಪಶ್ಚಿಮ ನೋಡಿದೆ, ತಮಿಳಿನ ವರದಿಯನ್ನೂ ಎರಡು ಸಲ ಓದಿದೆ. ಆಕಾಶ ತೊಳೆದ ತಟ್ಟೆಯಂತಿತ್ತು. "ಇಲ್ಲ ಅಕ್ಕ, ಖಂಡಿತ ಬರಲ್ಲ" ಎಂದೆ.

"ಸರಿ ತಮ್ಮಾ" ಎಂದಳು ಅಕ್ಕ, ಬಹಳ ಪ್ರೀತಿಯಿಂದ. ಆಮೇಲೆ ಫೋನು ಇಡಲು ಮರೆತು ಒಳಗೆ ಕೂಗಿದಳು: "ಏನ್ರೀ, ಬರಲ್ಲವಂತೆ! ಬೇಗ ತಾರ್ಪಾಯಿ ತಗೊಂಡು ಬನ್ನಿ!"

ಅಂದು ಸಂಜೆ ಮಳೆ ಬಂತೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ. ಕೊಬ್ಬರಿಯ ಮೇಲೆ ಮಾತ್ರ ಒಂದು ತೊಟ್ಟೂ ಬೀಳಲಿಲ್ಲ.