ಹಗೇವಿನ ಮೇಲಿನ ಹೊರಸು

ದೂರದ ದೇಶದ ವಿಚಾರದಲ್ಲಿ ಗಂಡಸರಿಗೆ ಇರುವ ಬುದ್ಧಿ ಪಕ್ಕದ ಮನೆಯ ವಿಚಾರ ಬಂದಾಗ ಎಲ್ಲಿಗೆ ಹೋಗುತ್ತದೋ ಕಾಣೆ. ನನಗೆ ಎರಡೂ ಕಡೆಯ ಬುದ್ಧಿ ಇದೆ ಎಂದು ನಂಬಿದ್ದೆ. ನಾನು ಓದಿದ್ದು ಕಡಿಮೆ, ನಂಬಿದ್ದು ಜಾಸ್ತಿ.

ಅದು ಐವತ್ತನೆಯ ಇಸವಿ. ಆ ವರ್ಷ ನೇಪಾಳದ ಅರಸ ಗಾದಿ ಬಿಟ್ಟು ನಮ್ಮ ದೇಶಕ್ಕೆ ಬಂದಿದ್ದ. ಮಸ್ಕಿ ಬಜಾರಿನ ಅಂಗಡಿಯಲ್ಲಿ ರೇಡಿಯೊ ಕೇಳಿ ಬಂದ ನಮ್ಮ ಯಜಮಾನರು ಕಟ್ಟೆಯ ಮೇಲೆ ಕುಳಿತು, "ಅಲ್ಲಿ ಮಂದಿಗೆ ನಾವು ಕಾಳು ಕಳಸಬೇಕೋ ಬ್ಯಾಡೋ? ಕಳಸಿದ್ರ ಯಾರ ಕೈಯಾಗ ಕೊಡೂದು? ಮೊದ್ಲ ಯಾರ ಹುಕುಂ ನಡೀತೈತಿ ನೋಡೂಣು" ಎನ್ನುತ್ತಿದ್ದರು. ಕಟ್ಟೆ ತುಂಬ ತಲೆಗಳು ಹೌದೆಂದು ಅಲ್ಲಾಡುತ್ತಿದ್ದವು.

ಅದೇ ಹೊತ್ತಿಗೆ ನಮ್ಮ ಪಕ್ಕದ ಮನೆಯಲ್ಲೂ ರಾಜ್ಯ ಬಿದ್ದಿತ್ತು. ಮಕ್ಕಳ ಪಾಲಿನ ಜಗಳಕ್ಕೆ ಬೇಸತ್ತ ಮುದುಕ ಮುದಗಲ್ಲಿನ ಮಗಳ ಮನೆ ಸೇರಿದ್ದ. ಹಿರಿಯ ಮಗ ಅಮರಪ್ಪ ನೆಲದಡಿ ಜೋಳ ತುಂಬಿದ್ದ ಹಗೇವಿನ ಬಾಯಿಯ ಮೇಲೆಯೇ ಹಗ್ಗದ ಹೊರಸು ಹಾಕಿಕೊಂಡು ಕುಳಿತ. ಕಿರಿಯ ಮಗ ಸಂಗಪ್ಪ ಬೀಸುಕಲ್ಲಿನ ಗೂಟ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡ. ಕಾಳು ಒಬ್ಬನ ಕೆಳಗೆ, ಹಿಟ್ಟು ಇನ್ನೊಬ್ಬನ ಸೊಂಟದಲ್ಲಿ. ಒಳಗೆ ಸಂಗಪ್ಪನ ಹೆಂಡತಿ ಹಸಿ ಬಾಣಂತಿ. ಒಲೆ ಹೊತ್ತಿಲ್ಲ, ಎದೆಯಲ್ಲಿ ಹಾಲಿಲ್ಲ. ಕೂಸಿನ ಅಳು ನಮ್ಮ ಮನೆಯವರೆಗೂ ಕೇಳುತ್ತಿತ್ತು.

ನಾನು ದೊಡ್ಡಸ್ತಿಕೆಯಿಂದ ಒಂದು ಮೊರ ಜೋಳ ಒಯ್ದೆ. ಹಿರಿಯನ ಕೈಗೆ ಕೊಡುವುದೇ ರೀತಿ ಎಂದು ಅಮರಪ್ಪನಿಗೆ ಕೊಟ್ಟೆ. "ಇದೂ ಪಾಲಿಗೆ ಬರ್ತೈತಿ ಯವ್ವಾ, ಪಂಚರು ಬರೋತನಕ ಇಲ್ಲೇ ಇರ್ಲಿ" ಎಂದು ಹೊರಸಿನ ಕೆಳಗೆ ತಳ್ಳಿದ. ಜೋಳದ ಜೊತೆ ನನ್ನ ಮೊರವೂ ಹೋಯಿತು.

ಮನೆಗೆ ಬಂದರೆ ಸೊಸೆ ಶರಣಮ್ಮ ಬಾಣಂತಿಗೆಂದು ರೊಟ್ಟಿ ಬಡಿದು ಬುಟ್ಟಿಗೆ ಹಾಕಿದ್ದಳು. "ಅತ್ತೀ, ತುಪ್ಪದ ಕೀಲಿಕೈ ಕೊಡ್ರಿ."

"ನೀ ಕಿರಿಯನ ಕಡೆ ಆದಿ ಅಂತಾರ, ನೋಡು."

"ಕೂಸು ಯಾರ ಕಡೆ ಐತ್ರಿ?"

ಕೊಟ್ಟೆ. ಅದು ಯಾವಾಗಲೂ ನನ್ನ ಸೊಂಟಕ್ಕೇ ಸಿಕ್ಕಿಸಿರುತ್ತಿತ್ತು. ಅವಳ ಹಿಂದೆಯೇ ನೋಡಲು ಹೋದೆ. ಅಮರಪ್ಪ ಹೊರಸಿನಿಂದ ಕೈ ಚಾಚಿ, "ಇತ್ತ ತಾ, ನಾ ಹಂಚತೀನಿ" ಎಂದ. ಸಂಗಪ್ಪ, "ಅವಂಗ್ಯಾಕ? ಅಕಿ ನನ್ನ ಹೇಣ್ತಿ, ನನ್ನ ಕೈಯಾಗ ಕೊಡು" ಎಂದ.

"ನೀವು ಹೊರಸು ಕಾಯ್ರಿ, ನೀವು ಗೂಟ ಕಾಯ್ರಿ. ಉಣ್ಣಾಕಿ ಒಳಗದಾಳ" ಎಂದು ಶರಣಮ್ಮ ಹೊರಸನ್ನೊಮ್ಮೆ ನೋಡಿ ಇಬ್ಬರ ನಡುವೆ ಹಾದು ಹೋದಳು. ಬಾಣಂತಿಯ ಮುಂದೆ ಕುಳಿತು, ರೊಟ್ಟಿ ಮುರಿದು ತುಪ್ಪ ಹಚ್ಚಿ ಕೈಯಾರೆ ಉಣಿಸಿದಳು. ಬುಟ್ಟಿ ಬರಿದಾಗುವ ತನಕ ಏಳಲಿಲ್ಲ. ಪಂಚರು ಬಂದು ಪಾಲು ಮಾಡುವವರೆಗೂ ಹೊತ್ತು ಹೊತ್ತಿಗೆ ಹೀಗೆಯೇ ನಡೆಯಿತು. ಕೂಸಿನ ಅಳು ನಿಂತಿತು. ಸೊಸೆಯನ್ನು ಹೊಗಳುವುದು ನನಗೆ ರೂಢಿಯಿಲ್ಲ. ಆದರೂ ಹೇಳುತ್ತೇನೆ, ನಮ್ಮ ಕಟ್ಟೆಯಲ್ಲಿ ಅವಳಷ್ಟು ಬುದ್ಧಿಯವರು ಯಾರೂ ಕುಳಿತಿರಲಿಲ್ಲ.

ಮುಂದೆ ನೇಪಾಳದ ಮಾತು ಬಂದಾಗ ಯಜಮಾನರು ಅದೇ ಕಟ್ಟೆಯ ಮೇಲೆ, "ಕಾಳು ಕೊಡಬೇಕು, ಖರೆ. ಉಣ್ಣೋರ ಬಾಯಿಗೆ ಬೀಳೋತನಕ ಅಲ್ಲೇ ಕುಂದರಬೇಕು" ಎಂದು ತಮ್ಮದೇ ಮಾತಿನಂತೆ ಹೇಳಿದರು. ತಲೆಗಳು ಮತ್ತೆ ಅಲ್ಲಾಡಿದವು.

ಆ ದಿನ ಕೊಟ್ಟ ತುಪ್ಪದ ಕೀಲಿಕೈ ಮಾತ್ರ ನನ್ನ ಸೊಂಟಕ್ಕೆ ತಿರುಗಿ ಬರಲಿಲ್ಲ. ಕೇಳಿಯೇಬಿಡೋಣ ಎಂದು ಅಡುಗೆಮನೆಗೆ ಹೋದೆ. ಶರಣಮ್ಮ ತಲೆಯೆತ್ತಿ, ಅಮರಪ್ಪನ ಹೊರಸನ್ನು ನೋಡಿದ ಹಾಗೆಯೇ ನನ್ನನ್ನು ನೋಡಿದಳು. ಮೊರ ಹುಡುಕಲು ಬಂದೆ ಎಂದು ಹೇಳಿ ಹೊರಗೆ ಬಂದೆ.